ಓದುಗರ ಪ್ರಶ್ನೆ: ಮನೆಯಲ್ಲೇ ಸಿಕ್ಕ ಸಣ್ಣ ಸಿನಿಮಾಗಳು

ಪ್ರಶ್ನೆ: ಒಟಿಟಿಯಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ‘ಗಂಟುಮೂಟೆ’ ಎಂಬ ಚಿತ್ರ ಕಣ್ಣಿಗೆ ಬಿತ್ತು. ನೋಡಿ ಮುಗಿಸಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಯಜಮಾನರು ಮಾತ್ರ ‘ಹೈಸ್ಕೂಲ್ ಮಕ್ಕಳ ಪ್ರೇಮ, ಇದರಲ್ಲಿ ಹೊಸದೇನಿದೆ’ ಎಂದುಬಿಟ್ಟರು. ನಿಮಗೇನನ್ನಿಸುತ್ತದೆ?
– ಓದುಗರು, ದಾವಣಗೆರೆ

ಉತ್ತರ: ನಾನು ನಿಮ್ಮ ಪಕ್ಷ. ಕಥೆಯ ಎಳೆ ಹೊಸದಲ್ಲ ಎಂಬ ನಿಮ್ಮ ಯಜಮಾನರ ಮಾತು ನಿಜವೇ ಆದರೂ, ನಮ್ಮ ಸಿನಿಮಾಗಳಲ್ಲಿ ಹದಿಹರೆಯದ ಪ್ರೇಮವನ್ನು ಬಹುಪಾಲು ಹುಡುಗನೇ ಹೇಳುತ್ತ ಬಂದಿದ್ದಾನೆ. ಹುಡುಗಿ ಅವನ ನೋಟಕ್ಕೆ ಸಿಕ್ಕವಳು ಮಾತ್ರ. ರೂಪಾ ರಾವ್ 2019ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ನೋಡುವವಳೂ ಬಯಸುವವಳೂ ನೆನೆಯುವವಳೂ ಮೀರಾ ಎಂಬ ಹುಡುಗಿ. ತೊಂಬತ್ತರ ದಶಕದ ಬೆಂಗಳೂರು, ಸಿನಿಮಾ ಎಂದರೆ ಪ್ರಾಣ ಬಿಡುವ ಮನಸ್ಸು, ಹತ್ತನೇ ತರಗತಿಯ ಪರೀಕ್ಷೆಯ ಭಯ, ಇವೆಲ್ಲವೂ ಅವಳ ಕಣ್ಣಿನ ಎತ್ತರದಿಂದಲೇ ನಮಗೆ ಕಾಣುತ್ತವೆ. ಮೀರಾ ಪಾತ್ರದ ತೇಜು ಬೆಳವಾಡಿ ಅವರ ಮುಖದಲ್ಲಿ ಆಸೆಯೂ ಅಂಜಿಕೆಯೂ ಒಟ್ಟಿಗೆ ಸುಳಿಯುವ ಕ್ಷಣಗಳಿಗಾಗಿಯೇ ನಾನು ಚಿತ್ರವನ್ನು ಎರಡು ಬಾರಿ ನೋಡಿದ್ದೇನೆ.

ಕೊರತೆ ಇಲ್ಲವೆಂದಲ್ಲ. ಮುಖ ಆಗಲೇ ಹೇಳಿದ್ದನ್ನು ಹಿನ್ನೆಲೆಯ ನಿರೂಪಣೆ ಕೆಲವು ಕಡೆ ಮತ್ತೆ ಹೇಳುತ್ತದೆ. ಆದರೂ ಅಂಕಗಳ ಒತ್ತಡವು ಮಕ್ಕಳ ಪ್ರೀತಿಯೊಳಕ್ಕೆ ಹೇಗೆ ನುಗ್ಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಕನ್ನಡ ಚಿತ್ರವನ್ನು ನಾನು ಬೇರೆ ನೋಡಿಲ್ಲ. ಕೊನೆಯನ್ನು ಇಲ್ಲಿ ಬಿಡಿಸಿ ಹೇಳುವುದು ನ್ಯಾಯವಲ್ಲ. ನಿಮ್ಮ ಯಜಮಾನರಿಗೆ ಕೊನೆಯ ಅರ್ಧ ಗಂಟೆಯನ್ನಾದರೂ ಇನ್ನೊಮ್ಮೆ ತೋರಿಸಿ.

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿದ್ದೇವೆ. ಸ್ನೇಹಿತರು ಹೇಳಿದರೆಂದು ‘ತಿಥಿ’ ನೋಡಲು ಕುಳಿತೆವು. ಮಕ್ಕಳಿಗೆ ಮಾತೇ ಅರ್ಥವಾಗಲಿಲ್ಲ, ನನಗೂ ಅಲ್ಲಲ್ಲಿ ತಪ್ಪಿತು. ಹೆಚ್ಚಿನದೇನೂ ನಡೆಯುವುದಿಲ್ಲ ಎಂದು ಅರ್ಧಕ್ಕೇ ಬಿಟ್ಟೆವು. ಇಂಥ ಚಿತ್ರಗಳಿಗೆ ಇಷ್ಟೊಂದು ಹೊಗಳಿಕೆ ಏಕೆ?
– ಓದುಗರು, ಪುಣೆ

ಉತ್ತರ: ನೀವು ಬಿಟ್ಟೆದ್ದ ಕಾರಣವೇ ಈ ಚಿತ್ರದ ದೊಡ್ಡ ಸಂಪತ್ತು ಎಂದು ನಾನು ತಿಳಿದಿದ್ದೇನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಅದರ ಬೇರು ಇರುವುದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದಲ್ಲಿ. ಚಿತ್ರಕಥೆಯಲ್ಲಿ ಕೈಜೋಡಿಸಿದ ಈರೇಗೌಡರ ಊರು ಅದು, ಮತ್ತು ತೆರೆಯ ಮೇಲೆ ಕಾಣುವವರು ವೃತ್ತಿನಿರತ ನಟರಲ್ಲ, ಅಲ್ಲಿನ ಮತ್ತು ಆಸುಪಾಸಿನ ಹಳ್ಳಿಗಳ ಜನ. ನೂರು ದಾಟಿದ ಸೆಂಚುರಿ ಗೌಡ ತೀರಿಕೊಂಡ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಅವನ ಮಗ, ಮೊಮ್ಮಗ, ಮರಿಮಗ ತಮ್ಮ ತಮ್ಮ ಪಾಡಿಗೆ ನಡೆಯುವುದೇ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ, ಅವನಪ್ಪ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಮನೆಯೂ ಬೇಡ. ಜಮೀನಿನ ಕಾಗದಕ್ಕಾಗಿ ಮಗ ಏನೇನು ಮಾಡುತ್ತಾನೆಂಬುದನ್ನು ನೋಡುತ್ತ ಹೋದರೆ ‘ಏನೂ ನಡೆಯುವುದಿಲ್ಲ’ ಎಂದು ನೀವು ಹೇಳಲಾರಿರಿ.

ಇನ್ನು ಮಾತಿನ ವಿಷಯ. ‘ಹೋಗುತ್ತೇನೆ’ ಎನ್ನುವುದು ಆ ಸೀಮೆಯಲ್ಲಿ ‘ಓಯ್ತೀನಿ’, ‘ಬರುತ್ತೇನೆ’ ಎನ್ನುವುದು ‘ಬತ್ತೀನಿ’. ಬೈಗುಳವೂ ಅಕ್ಕರೆಯೂ ಒಂದೇ ಉಸಿರಿನಲ್ಲಿ ಬರುತ್ತವೆ. ನಮ್ಮ ದೊಡ್ಡ ಚಿತ್ರಗಳು ಈ ಮಾತನ್ನು ಬಹುಕಾಲ ನಗಿಸುವ ಪಾತ್ರಗಳ ಬಾಯಿಗೆ ಮಾತ್ರ ಕೊಟ್ಟು, ನಾಯಕನಿಗೆ ಯಾವ ಊರಿಗೂ ಸೇರದ ಒಂದು ಸಮ ಕನ್ನಡವನ್ನು ಉಳಿಸಿಕೊಂಡವು. ಸಣ್ಣ ಚಿತ್ರಗಳು ಆ ಪದ್ಧತಿಯನ್ನು ಮುರಿದಿವೆ. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ರಾಜ್ ಬಿ. ಶೆಟ್ಟಿ ತಾವೇ ಬರೆದು, ನಿರ್ದೇಶಿಸಿ, ಬೋಳುತಲೆಯ ಕನ್ನಡ ಉಪನ್ಯಾಸಕನಾಗಿ ನಟಿಸಿದಾಗ, ಸುತ್ತಲಿನವರು ಆಡಿದ್ದು ಮಂಗಳೂರಿನ ಮನೆಗಳಲ್ಲಿ ಕೇಳುವ ‘ಉಂಟು’, ‘ಎಂತ ಮಾರಾಯ’ಗಳ ಕನ್ನಡ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ಪ್ರಶಸ್ತಿ ಪಡೆದ, ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುತ್ತದೆ. ಶಾಲೆಯಲ್ಲಿ ಅಡುಗೆ ಮಾಡುವ ಬಡ ಹೆಣ್ಣುಮಗಳೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗಿನ ಪೇಯಕ್ಕೆ ಕೂಡಿಟ್ಟ ದುಡ್ಡು ಹಾಕಿ, ನೆಂಟರನ್ನೂ ನೆರೆಹೊರೆಯವರನ್ನೂ ಅದಕ್ಕೆ ಎಳೆಯಲು ಹೆಣಗುತ್ತಾಳೆ. ಅವಳ ಹಟವೂ ಅವಳ ಮೋಸಹೋಗುವಿಕೆಯೂ ಅಲ್ಲಿನ ಕನ್ನಡದಲ್ಲಿ ಮಾತ್ರ ಆ ತೂಕ ಪಡೆಯುತ್ತವೆ. ಧಾರವಾಡದ ನಾಟಕದ ಭಾಷೆಯನ್ನೇ ಇಡೀ ಉತ್ತರ ಕರ್ನಾಟಕದ ಮಾತೆಂದು ತಿಳಿದಿದ್ದ ನನ್ನಂಥವರಿಗೆ ಅದೊಂದು ಪಾಠವೂ ಆಯಿತು.

ಆದ್ದರಿಂದ ಮಕ್ಕಳಿಗೆ ಮಾತು ತಿಳಿಯಲಿಲ್ಲವೆಂದು ಚಿತ್ರವನ್ನು ಬಿಡಬೇಡಿ. ಮೊದಲ ಸಲ ಸಬ್‌ಟೈಟಲ್ ಹಾಕಿಕೊಂಡು ನೋಡಿ, ನಾಚಿಕೆಪಡುವಂಥದ್ದೇನೂ ಇಲ್ಲ. ಎರಡನೆಯ ಸಲ ಅದನ್ನು ತೆಗೆದು, ಗಡ್ಡಪ್ಪ ಕುರಿ ಕಾಯುವವರ ಜೊತೆ ಕುಳಿತು ತನ್ನ ಬದುಕಿನ ಕಥೆ ಹೇಳುವ ದೃಶ್ಯವನ್ನಷ್ಟೇ ಕೇಳಿಸಿ. ಅಡುಗೆ ಮಾಡುತ್ತಲೋ ಮೊಬೈಲ್ ನೋಡುತ್ತಲೋ ಅರ್ಧ ಕಿವಿಯಲ್ಲಿ ಕೇಳಿದರೆ ಇಂಥ ಚಿತ್ರದಲ್ಲಿ ಕೈಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: ‘ನಾತಿಚರಾಮಿ’ ನೋಡಿದೆ, ಮೆಚ್ಚಿದೆ. ಅದನ್ನು ಅರುವತ್ತು ದಾಟಿದ ಅಮ್ಮನ ಜೊತೆ ನೋಡಬಹುದೇ?
– ಓದುಗರು, ತುಮಕೂರು

ಉತ್ತರ: ನೋಡಬಹುದು. ಮಂಸೋರೆ 2018ರಲ್ಲಿ ಮಾಡಿದ, ಸಂಧ್ಯಾರಾಣಿ ಬರೆದ ಈ ಚಿತ್ರ, ಗಂಡನನ್ನು ಕಳೆದುಕೊಂಡ ಗೌರಿ ಎಂಬ ಯುವತಿಯ ದೇಹದ ಬಯಕೆಯನ್ನೂ, ಗಂಡನ ನೆನಪನ್ನು ಬಿಡಲೊಲ್ಲದ ಅವಳ ಮನಸ್ಸನ್ನೂ ಕುರಿತದ್ದು. ಐದು ರಾಷ್ಟ್ರಪ್ರಶಸ್ತಿಗಳು ಬಂದರೂ ಬಹಳ ಮಂದಿ ಅದನ್ನು ಕಂಡದ್ದು ನೆಟ್‌ಫ್ಲಿಕ್ಸಿಗೆ ಬಂದ ಮೇಲೆಯೇ. ಸಮಾಲೋಚಕರ ಕೋಣೆಯ ಮಾತುಗಳು ನನಗೆ ತುಸು ಪಾಠದಂತೆ ಕೇಳಿದವು. ಗೌರಿಯಾಗಿ ನಟಿಸಿದ ಶ್ರುತಿ ಹರಿಹರನ್ ಒಬ್ಬರೇ ಮನೆಯಲ್ಲಿರುವ ದೃಶ್ಯಗಳು ಅವುಗಳಿಗಿಂತ ಎಷ್ಟೋ ಹೆಚ್ಚು ಹೇಳುತ್ತವೆ. ಚಿತ್ರದ ಇನ್ನೊಬ್ಬ ನಟ ಸಂಚಾರಿ ವಿಜಯ್ ಅವರನ್ನು ಕಂಡಾಗಲೆಲ್ಲ, 2021ರಲ್ಲಿ ಅವರನ್ನು ನಾವು ಕಳೆದುಕೊಂಡದ್ದು ನೆನಪಾಗಿ ಸಂಕಟವಾಗುತ್ತದೆ. ವಿಷಯವೇನೆಂದು ಅಮ್ಮನಿಗೆ ಮೊದಲೇ ಹೇಳಿ, ಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ. ನಮ್ಮ ತಾಯಂದಿರಿಗೆ ಇಂಥ ಮಾತು ಮುಜುಗರ ತರುತ್ತದೆ ಎಂದು ಅವರನ್ನು ಕೇಳದೆಯೇ ನಾವು ತೀರ್ಮಾನಿಸಿಬಿಡುತ್ತೇವೆ.

ಪ್ರಶ್ನೆ: ನನಗೆ ಒಟಿಟಿ ಎಂದೂ ಸಣ್ಣ ಕನ್ನಡ ಚಿತ್ರಗಳನ್ನು ತಾನಾಗಿ ತೋರಿಸುವುದಿಲ್ಲ. ಹುಡುಕಿದ್ದು ಒಮ್ಮೆ ಸಿಕ್ಕರೆ ಮುಂದಿನ ಸಲ ಇರುವುದಿಲ್ಲ. ಇಷ್ಟು ಕಷ್ಟಪಟ್ಟು ನೋಡಿದರೆ ಮಾಡಿದವರಿಗೇನಾದರೂ ಉಪಯೋಗವುಂಟೇ?
– ಓದುಗರು, ಶಿರಸಿ

ಉತ್ತರ: ಮೊದಲ ಪುಟದಲ್ಲಿ ಕಾಣುವುದು ನೀವು ಈ ಹಿಂದೆ ನೋಡಿದ್ದರ ನೆರಳು. ನಾಲ್ಕಾರು ಕನ್ನಡ ಚಿತ್ರಗಳನ್ನು ಪೂರ್ತಿ ನೋಡಿದರೆ ಆ ಸಾಲು ನಿಧಾನವಾಗಿ ಬದಲಾಗುತ್ತದೆ. ಚಿತ್ರದ ಹೆಸರು ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ಬೇರೆ ರೀತಿ ಬರೆದು ನೋಡಿ, ಇಲ್ಲವೇ ನಿರ್ದೇಶಕರ ಹೆಸರಿನಿಂದ ಹುಡುಕಿ. ಪ್ರದರ್ಶನದ ಹಕ್ಕನ್ನು ಸಾಮಾನ್ಯವಾಗಿ ನಿರ್ದಿಷ್ಟ ಅವಧಿಗಷ್ಟೇ ಕೊಡುವುದರಿಂದ ಅವಧಿ ಮುಗಿದ ಚಿತ್ರ ಹೇಳದೆ ಕೇಳದೆ ಮರೆಯಾಗುತ್ತದೆ. ಕಣ್ಣಿಗೆ ಬಿದ್ದದ್ದನ್ನು ಆ ವಾರವೇ ನೋಡಿಬಿಡುವುದು ನನ್ನ ರೂಢಿ.

ಉಪಯೋಗ ಖಂಡಿತ ಉಂಟು. ಅನೇಕ ಸಣ್ಣ ಚಿತ್ರಗಳನ್ನು ಒಟ್ಟು ಮೊತ್ತ ಕೊಟ್ಟು ಕೊಳ್ಳುವುದಿಲ್ಲ. ಜನ ಎಷ್ಟು ಗಂಟೆ ನೋಡಿದರು ಎಂಬ ಲೆಕ್ಕದ ಮೇಲೆ ನಿರ್ಮಾಪಕರಿಗೆ ಹಣ ಬರುತ್ತದೆ. ಅರ್ಧಕ್ಕೆ ಬಿಟ್ಟ ಚಿತ್ರಕ್ಕೂ ಕೊನೆಯ ಹೆಸರುಗಳವರೆಗೆ ನೋಡಿದ ಚಿತ್ರಕ್ಕೂ ಅಲ್ಲಿ ವ್ಯತ್ಯಾಸವಿದೆ. ಕೆ.ಎಸ್. ಅಶೋಕ ಅವರ ‘ದಿಯಾ’ 2020ರ ಫೆಬ್ರುವರಿಯಲ್ಲಿ ಬಂದಾಗ ಚಿತ್ರಮಂದಿರಗಳಲ್ಲಿ ಹೆಚ್ಚು ಜನ ನೋಡಿರಲಿಲ್ಲ. ಮುಂದಿನ ತಿಂಗಳು ಲಾಕ್‌ಡೌನ್ ಆಗಿ ಎಲ್ಲರೂ ಮನೆ ಸೇರಿದ ಮೇಲೆ ಅಮೆಜಾನ್ ಪ್ರೈಮಿನಲ್ಲಿ ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿ ಮನೆಮಾತಾಯಿತು. ಅದನ್ನು ಹಬ್ಬಿಸಿದ್ದು ನಿಮ್ಮಂಥ ನೋಡುಗರೇ. ಈ ವಾರ ‘ಶಿವಮ್ಮ’ನನ್ನು ಹುಡುಕಿ ನೋಡಿ. ಶಿರಸಿಯ ಕಿವಿಗೆ ಕೊಪ್ಪಳದ ಮಾತು ಹೇಗೆ ಕೇಳಿತೆಂದು ನನಗೆ ಬರೆದು ತಿಳಿಸಿ.