ಯುಗಾದಿಯ ಗೆರೆ ಮೇಲೇಳುತ್ತಿಲ್ಲ

ಪ್ರಶ್ನೆ: ಪ್ರತಿ ಯುಗಾದಿಗೆ ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರಕ್ಕೆ ಗೆರೆ ಹಾಕುತ್ತೇನೆ. ಈಗ ಹನ್ನೊಂದು ವರ್ಷ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಟರ್ನರ್ ಸಿಂಡ್ರೋಮ್, ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲ ಅಂದರು. ನಾನು ಊಟ ಸರಿಯಾಗಿ ಕೊಡಲಿಲ್ಲವೇ ಡಾಕ್ಟ್ರೇ?

ಉತ್ತರ: ಇಲ್ಲಮ್ಮಾ, ಇದು ನಿಮ್ಮ ಅಡುಗೆಮನೆಯ ತಪ್ಪಲ್ಲ. ಎಕ್ಸ್, ವೈ ಎಂಬ ಎರಡೂ ಕ್ರೋಮೋಸೋಮ್‌ಗಳ ತುದಿಯಲ್ಲಿ ‘ಶಾಕ್ಸ್’ ಎಂಬ ಜೀನ್ ಇದೆ. ಕೈಕಾಲಿನ ಮೂಳೆ ಉದ್ದವಾಗಲು ಅದು ಬೇಕು. ಸಾಮಾನ್ಯವಾಗಿ ಹುಡುಗ, ಹುಡುಗಿ ಇಬ್ಬರಲ್ಲೂ ಎರಡು ಪ್ರತಿ; ನಿಮ್ಮ ಮಗಳಲ್ಲಿ ಒಂದೇ. ಒಂದು ಎಕ್ಸ್ ಹೆಚ್ಚಾಗಿದ್ದು ಮೂರು ಪ್ರತಿಯಿರುವ ಎಕ್ಸ್‌ಎಕ್ಸ್‌ವೈ ಹುಡುಗರ ಕಾಲು ನೀಳ! ಚಿಕಿತ್ಸೆಯಿಲ್ಲದಿದ್ದರೆ ಎತ್ತರ ಸರಾಸರಿಗಿಂತ ಸುಮಾರು 20 ಸೆಂ.ಮೀ. ಕಡಿಮೆಯಾಗುತ್ತದೆ. ತಡಮಾಡದೆ ಎಡಗೈ ಎಕ್ಸ್‌ರೇ ಮಾಡಿಸಿ. ಮೂಳೆತುದಿ ಕೂಡಿಕೊಂಡು ಬೆಳವಣಿಗೆ ನಿಂತಿರದಿದ್ದರೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ನಿನಿಂದ ಅನುಕೂಲವಿದೆ. ಹೃದಯದ ಎಕೋ, ಥೈರಾಯ್ಡ್ ಪರೀಕ್ಷೆಯನ್ನೂ ದಯವಿಟ್ಟು ಬಿಡಬೇಡಿ.