ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಮುಖ್ಯ ಆಟಗಾರ) ಒಂದು ಬದಿಗೆ ಓಡಿ ಚೆಂಡು ಎಸೆಯುವ ‘ರೋಲ್‌ಔಟ್’ ಆಟ ಯಾಕೆ?

ಮುಖ್ಯ ಕಾರಣ, ಎಸೆಯುವ ಜಾಗವನ್ನೇ ಬದಲಿಸುವುದು. ಕ್ವಾರ್ಟರ್‌ಬ್ಯಾಕ್ ಪ್ರತಿ ಸಲವೂ ತನ್ನನ್ನು ಕಾಯುವ ಲೈನ್‌ಮನ್‌ಗಳ ಹಿಂದೆ ಒಂದೇ ಕಡೆ ನಿಂತರೆ, ಎದುರಾಳಿಗಳು ನೇರ ಅಲ್ಲಿಗೇ ನುಗ್ಗುತ್ತಾರೆ. ಅವನು ಬಲಕ್ಕೆ ಓಡಿದರೆ ನಡುವಿನಿಂದ ನುಗ್ಗುವ ದಢೂತಿ ಆಟಗಾರರು ದಿಕ್ಕು ಬದಲಿಸಿ ಬೆನ್ನಟ್ಟಬೇಕು. ಕುಳ್ಳಗಿರುವವನಿಗೆ ಎದುರಿನ ನೋಟವೂ ತೆರೆಯುತ್ತದೆ.

ಎರಡನೆಯದು, ಎದುರಾಳಿಗಳ ನಡೆಯನ್ನು ಓದುವ ಕೆಲಸ ಹಗುರಾಗುತ್ತದೆ. ಮೈದಾನದ ಅಗಲ ಸುಮಾರು 53 ಗಜ. ಈಗ ಅರ್ಧ ನೋಡಿದರೆ ಸಾಕು. ಸಾಮಾನ್ಯವಾಗಿ ಅದೇ ಬದಿಯಲ್ಲಿ ಮೂವರು ರಿಸೀವರ್‌ಗಳು (ಪಾಸ್ ಹಿಡಿಯುವವರು) ಮೂರು ಆಳದಲ್ಲಿ ಓಡುತ್ತಾರೆ: ಒಬ್ಬ ದೂರಕ್ಕೆ, ಒಬ್ಬ 10–12 ಗಜಕ್ಕೆ, ಇನ್ನೊಬ್ಬ 3–5 ಗಜಕ್ಕೆ. ಅಂಚು ಕಾಯುವ ಡಿಫೆಂಡರ್ ಮುಂದೆ ಬಂದರೆ ಅವನ ಹಿಂದಿರುವ ರಿಸೀವರ್‌ಗೆ ಪಾಸ್, ಹಿಂದೆ ಸರಿದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡಬಹುದು. ಮೂರನೇ ಡೌನ್‌ನಲ್ಲಿ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಎರಡು ಮೂರು ಗಜ ಬೇಕಿದ್ದಾಗ ಇದು ಬಹಳ ಉಪಯುಕ್ತ. 1982ರ ಜನವರಿಯಲ್ಲಿ ಡಲ್ಲಾಸ್ ತಂಡದ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೊ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ರಿಸೀವರ್ ಡ್ವೈಟ್ ಕ್ಲಾರ್ಕ್‌ಗೆ ಎಸೆದ ಪ್ರಸಿದ್ಧ ಟಚ್‌ಡೌನ್ (ಅಂಕ ತರುವ) ಪಾಸ್ ಬಂದದ್ದು ಇಂಥ ಬಲಬದಿಯ ಓಟದಿಂದಲೇ.

ಯಾರೂ ಸಿಗದಿದ್ದರೆ? ಟ್ಯಾಕಲ್‌ಗಳ (ಲೈನ್‌ಮನ್‌ಗಳ ಸಾಲಿನ ಎರಡು ತುದಿಯವರು) ಜಾಗದಿಂದ ಹೊರಗೆ ಬಂದವನು ಚೆಂಡನ್ನು ಸ್ಕ್ರಿಮೇಜ್ ಗೆರೆಯವರೆಗೆ (ಆ ಆಟ ಶುರುವಾದ ಗೆರೆ) ತಲುಪುವಂತೆ ಹೊರಗೆಸೆದರೆ ದಂಡವಿಲ್ಲ.

ಕೆಡುವುದು ಎಲ್ಲಿ ಅಂದರೆ, ಓಡುತ್ತಲೇ ಮೈಗೆ ಅಡ್ಡವಾಗಿ ಮೈದಾನದ ನಡುವಿಗೆ ಎಸೆದಾಗ. ಚೆಂಡಿಗೆ ವೇಗ ಸಾಲದೆ ಇಂಟರ್‌ಸೆಪ್ಷನ್ ಆಗುತ್ತದೆ, ಅಂದರೆ ಎದುರಾಳಿ ಅದನ್ನು ಹಿಡಿದುಬಿಡುತ್ತಾನೆ. ಬಲಗೈಯವನು ಎಡಕ್ಕೆ ಓಡುವುದು ಇನ್ನೂ ಕಷ್ಟ: ಎಸೆಯುವ ಮುನ್ನ ಸೊಂಟ, ಭುಜಗಳನ್ನು ಗುರಿಯತ್ತ ತಿರುಗಿಸಲೇಬೇಕು. ಪದೇ ಪದೇ ಆಡಿದರೆ ಎದುರಾಳಿಗಳು ಆ ಅರ್ಧಕ್ಕೇ ಜನ ತುಂಬುತ್ತಾರೆ.