ಬಲೆಗೆ ಬೀಳದ ಮೀನಿನ ಸುಳಿವು

ಪ್ರಶ್ನೆ: ಕೆರೆಗೆ ಆಕ್ರಮಣಕಾರಿ ಮೀನು (ಹೊರಗಿನಿಂದ ಬಂದು ಸ್ಥಳೀಯ ಮೀನುಗಳಿಗೆ ಕುತ್ತು ತರುವ ಮೀನು) ಸೇರಿದೆಯೇ ಎಂಬುದನ್ನು ಒಂದು ಬಾಟಲಿ ನೀರಿನಿಂದಲೇ ಹೇಳಬಹುದಂತೆ, ನಿಜವೇ? ಬಲೆ ಬೀಸಿದರೆ ಸಾಲದೇ?

ಉತ್ತರ: ಮೀನು ಬೆರಳೆಣಿಕೆಯಷ್ಟಿದ್ದಾಗ ಬಲೆಗೆ ಬೀಳುವುದು ಅಪರೂಪ. ಬೀಳುವಷ್ಟು ಹೆಚ್ಚಿದ ಮೇಲೆ ನಿರ್ಮೂಲನೆ ಬಹುತೇಕ ಆಗದ ಮಾತು. ಆದರೆ ಲೋಳೆ, ಮಲ, ಉದುರಿದ ಚರ್ಮದ ಜೊತೆ ಮೀನಿನ ಡಿಎನ್‌ಎ ಸದಾ ನೀರಿಗೆ ಸೇರುತ್ತಿರುತ್ತದೆ. ಅದನ್ನು ಸೋಸಿ, ಅತ್ಯಲ್ಪ ಡಿಎನ್‌ಎಯನ್ನೂ ಹಲವು ಪಟ್ಟು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಲ್ಲಿ ಗುರುತಿಸುತ್ತಾರೆ. ಷಿಕಾಗೋ ಸುತ್ತಲಿನ ಕಾಲುವೆಗಳಲ್ಲಿ ಏಷ್ಯಾ ಮೂಲದ ಬಿಗ್‌ಹೆಡ್, ಸಿಲ್ವರ್ ಕಾರ್ಪ್ ಮೀನುಗಳನ್ನು ಹುಡುಕಲು ಬಳಸಿದ್ದು ಇದನ್ನೇ.

ಒಂದು ಬಾಟಲಿ ಮಾತ್ರ ಸಾಲದು. ಮೀನಿರುವ ಕೆರೆಯಲ್ಲೂ ಒಂದು ಮಾದರಿಯಲ್ಲಿ ಡಿಎನ್‌ಎ ಸಿಗುವ ಸಾಧ್ಯತೆ ಶೇ 30 ಎಂದಿಟ್ಟುಕೊಳ್ಳಿ. ಮೂರು ಮಾದರಿ ತೆಗೆದರೆ ಒಂದರಲ್ಲಾದರೂ ಸಿಗುವ ಸಾಧ್ಯತೆ ಸುಮಾರು ಶೇ 66. ಒಂಬತ್ತು ತೆಗೆದರೆ ಶೇ 96. ಎರಡು ಮೂರು ಬಾಟಲಿ ನೋಡಿ ‘ಮೀನಿಲ್ಲ’ ಎಂದು ಬರೆದ ವರದಿಯನ್ನು ನಂಬಬೇಡಿ.

ಪ್ರಶ್ನೆ: ನೀರು ಸಂಗ್ರಹಿಸುವಾಗ ಎಡವುವುದು ಎಲ್ಲಿ?

ಉತ್ತರ: ಹೆಚ್ಚಾಗಿ ಕಲಬೆರಕೆಯಲ್ಲಿ, ಅಂದರೆ ಬೇರೆಡೆಯ ಡಿಎನ್‌ಎ ಮಾದರಿಗೆ ಸೇರುವುದರಲ್ಲಿ. ಬಾಟಲಿ, ಚಿಮುಟಗಳನ್ನು ಹತ್ತು ಪಾಲಿಗೆ ಒಂದು ಪಾಲು ಬ್ಲೀಚ್ ಬೆರೆಸಿದ ನೀರಿನಲ್ಲಿ 10 ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ. ಬ್ಲೀಚ್ ಉಳಿದರೆ ನಿಮ್ಮ ಮಾದರಿಯ ಡಿಎನ್‌ಎಯನ್ನೂ ಅದು ಹಾಳುಮಾಡುತ್ತದೆ. ಜಾಗ ಬದಲಾದಂತೆ ಕೈಗವಸೂ ಬದಲಾಗಲಿ. ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್ ಒಯ್ದು, ಅಲ್ಲೇ ತೆರೆದು, ಉಳಿದವುಗಳಂತೆಯೇ ಸೋಸಿ. ಅದರಲ್ಲೂ ಮೀನಿನ ಡಿಎನ್‌ಎ ಕಂಡರೆ ಆ ದಿನದ ಫಲಿತಾಂಶ ಲೆಕ್ಕಕ್ಕಿಲ್ಲ.

ಹೊಳೆಯಲ್ಲಾದರೆ ಹರಿವಿಗೆ ಎದುರಾಗಿ ನಿಂತು ಮುಂದಿನ ನೀರು ತುಂಬಿಕೊಳ್ಳಿ. ತಳದ ಕೆಸರು ಕದಡಬಾರದು, ಅದರಲ್ಲಿ ಹಳೆಯ ಡಿಎನ್‌ಎ ಕೂತಿರುತ್ತದೆ. ಬಾಟಲಿಯನ್ನು ಮಂಜುಗಡ್ಡೆಯಲ್ಲಿಟ್ಟು, ಅದೇ ದಿನ 0.45ರಿಂದ 1.5 ಮೈಕ್ರಾನ್ ರಂಧ್ರದ ಫಿಲ್ಟರ್‌ನಲ್ಲಿ ಒಂದು ಲೀಟರ್ ಸೋಸಿ. ರಾಡಿ ನೀರಿಗೆ ಫಿಲ್ಟರ್ ಕಟ್ಟಿಕೊಂಡರೆ ಪಂಪಿನ ಒತ್ತಡ ಏರಿಸಬೇಡಿ, ಫಿಲ್ಟರ್ ಹರಿದುಹೋಗುತ್ತದೆ. ಉಳಿದದ್ದನ್ನು ಎರಡನೇ ಫಿಲ್ಟರ್‌ನಲ್ಲಿ ಸೋಸಿ. ಫಿಲ್ಟರನ್ನು ಶೇ 95ರ ಎಥನಾಲ್‌ನಲ್ಲಿ ಮುಳುಗಿಸಿಡಿ. ಚಹಾ ಬಣ್ಣದ ನೀರಿನಲ್ಲಿರುವ, ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ಆಮ್ಲ ಪಿಸಿಆರ್ ಅನ್ನು ತಡೆಯುತ್ತದೆ. ಆಗ ಫಿಲ್ಟರ್‌ನಿಂದ ಬೇರ್ಪಡಿಸಿದ ಡಿಎನ್‌ಎ ದ್ರಾವಣವನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಪರೀಕ್ಷಿಸಬೇಕು.

ಪ್ರಶ್ನೆ: ಡಿಎನ್‌ಎ ಸಿಕ್ಕರೆ ಮೀನು ಇದ್ದೇ ಇದೆಯೇ?

ಉತ್ತರ: ಇರಲೇಬೇಕೆಂದಿಲ್ಲ. ಹಕ್ಕಿಯ ಹಿಕ್ಕೆ, ದೋಣಿಯ ತಳ, ಸತ್ತ ಮೀನು ಕೂಡ ಅದನ್ನು ತರುತ್ತವೆ. ಬೆಚ್ಚಗಿನ ನೀರಿನಲ್ಲಿ ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ಮೂರು ವಾರಗಳಲ್ಲಿ ನಶಿಸುತ್ತದೆ. ಆದ್ದರಿಂದ ತಿಂಗಳ ನಂತರ ಮತ್ತೆ ಮಾದರಿ ತೆಗೆಯಿರಿ. ಆಗಲೂ ಸಿಕ್ಕರೆ ಬಲೆ ಬೀಸುವ ಹೊತ್ತು ಬಂತು. ಹೊಳೆಯಲ್ಲಿ ಡಿಎನ್‌ಎ ಕಿಲೋಮೀಟರ್‌ಗಟ್ಟಲೆ ತೇಲಿಬರುವುದರಿಂದ, ಸುಳಿವು ನಿಲ್ಲುವ ಜಾಗದವರೆಗೂ ಮೇಲಕ್ಕೆ ಹುಡುಕುತ್ತ ಹೋಗಬೇಕು.